ತುಮಕೂರಿನಿಂದ ಮಣಿಪುರದ ಶಿಬಿರಗಳಿಗೆ ಸಾಮಾನು ಕಳಿಸುವವರಿಗೆ

ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ 2023ರ ಮೇ 3ಕ್ಕೆ ಶುರುವಾದ ಹಿಂಸೆ ಸುಮಾರು 60,000 ಜನರ ಮನೆ ಬಿಡಿಸಿತು. ಪೊಲೀಸ್ ಶಸ್ತ್ರಾಗಾರಗಳಿಂದ ಲೂಟಿಯಾದ ಬಂದೂಕುಗಳು ಊರೂರು ಸೇರಿದ ಮೇಲೆ, ಹಳ್ಳಿಗೆ ವಾಪಸ್ ಹೋಗುವ ಧೈರ್ಯ ಯಾರಿಗೆ ಬರಬೇಕು? ಮೈತೇಯಿಗಳೂ ಕುಕಿ-ಜೋಗಳೂ ವರ್ಷಗಟ್ಟಲೆ ಶಿಬಿರಗಳಲ್ಲೇ ಕಳೆದಿದ್ದಾರೆ. ಅವರಿಗಾಗಿ ಸಾಮಾನು ಕೂಡಿಸುತ್ತೇವೆ ಎಂದು ಇಲ್ಲಿ ಹೇಳಿದ ತಕ್ಷಣ ಬರುವ ಮೊದಲ ಫೋನು: "ಅಕ್ಕಾ, ಹಳೇ ಬಟ್ಟೆ ತಂದ್ಕೊಡ್ಲಾ?"

ದಯವಿಟ್ಟು ಬೇಡ. ಹಳೇ ಬಟ್ಟೆ ಬಂದರೆ ಅದನ್ನು ಅಳತೆ ನೋಡಿ ವಿಂಗಡಿಸುವುದಕ್ಕೇ ಶಿಬಿರದ ನಾಲ್ಕು ಕೈ ಬೇಕು. ಅಲ್ಲಿನ ಹೆಂಗಸರ ದಿನನಿತ್ಯದ ಉಡುಪು ನಮ್ಮ ಸೀರೆಯಲ್ಲ. ಮೈತೇಯಿ ಹೆಂಗಸರು ಸೊಂಟಕ್ಕೆ ಸುತ್ತುವ ಫನೇಕ್ ಉಡುತ್ತಾರೆ. ಉಳಿದ ಗಂಟುಗಳು ಮಳೆಗಾಲದಲ್ಲಿ ಬೂಷ್ಟು ಹಿಡಿದು ಜಾಗ ತಿನ್ನುತ್ತವೆ. ರಾಗಿ ಹಿಟ್ಟಿನ ವಿಚಾರವೂ ಅಷ್ಟೆ. ನಮಗೆ ಮುದ್ದೆಯಿಲ್ಲದೆ ಊಟವಿಲ್ಲ, ಅವರಿಗೆ ಅನ್ನವೇ ಊಟ. ಹದಿನೈದು-ಇಪ್ಪತ್ತು ದಿನ ಲಾರಿಯ ಟಾರ್ಪಾಲಿನ ಕೆಳಗೆ ಕೂತ ಹಿಟ್ಟು ಮುಗ್ಗಲು ಬರುತ್ತದೆ, ಹುಳ ಬೀಳುತ್ತದೆ.

ಹಾಗಂತ ಅಕ್ಕಿಯನ್ನೂ ಇಲ್ಲಿಂದ ಹೊರಿಸಬೇಡಿ. ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಸಿಗಬೇಕು ಅನ್ನುವ ಲೆಕ್ಕದಲ್ಲಿ ತಲೆಗೆ ಸುಮಾರು 400 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ ಹಿಡಿಯುತ್ತಾರೆ. ಐದು ಜನರ ಕುಟುಂಬಕ್ಕೆ ತಿಂಗಳಿಗೆ 60 ಕಿಲೋ ಅಕ್ಕಿ, 9 ಕಿಲೋ ಬೇಳೆ, ಹತ್ತಿರ ಹತ್ತಿರ 4 ಕಿಲೋ ಎಣ್ಣೆ. ಇಷ್ಟು ಭಾರವನ್ನು 3,000 ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಿಸುವ ಬಾಡಿಗೆಯನ್ನು ಅಸ್ಸಾಮಿನ ಗುವಾಹಟಿಯ ಸಗಟು ಅಂಗಡಿಯಲ್ಲಿ ಅಕ್ಕಿಗೇ ಹಾಕಿದರೆ ಇನ್ನಷ್ಟು ಮನೆಗೆ ಆಗುತ್ತದೆ. ಆಹಾರಕ್ಕೆ ದುಡ್ಡು ಕಳಿಸಿ, ಸಾಮಾನು ಕಳಿಸಲೇಬೇಕೆಂದಿದ್ದರೆ ಮನೆಬಳಕೆಯ ಕಿಟ್ ಕಟ್ಟಿ.

ಕಿಟ್ಟನ್ನು ಕುಟುಂಬದ ಲೆಕ್ಕದಲ್ಲೇ ಕಟ್ಟಬೇಕು, ಒಂದು ಚೀಲಕ್ಕೆ ಒಂದು ಮನೆ. ಪರಿಹಾರ ಕೆಲಸಕ್ಕೆಂದೇ ಇರುವ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ ಇದಕ್ಕೆ ಒಳ್ಳೆಯ ಅಳತೆಗೋಲು. ಮುಚ್ಚಳ ಸಮೇತ ಎರಡು ಡಬರಿ, ಒಂದು ಬೇಸಿನ್, ಒಂದು ಚಾಕು, ಎರಡು ಸೌಟು. ತಲೆಗೊಂದು ತಟ್ಟೆ, ಲೋಟ, ಚಮಚ, ಕಂಬಳಿ. ಇಂಫಾಲದ ಚಳಿಗಾಲದ ರಾತ್ರಿ ನಮ್ಮ ಡಿಸೆಂಬರಿನ ಚಳಿಗಿಂತ ಬಹಳ ಕಟು, ತೆಳು ಬೆಡ್‌ಶೀಟ್ ಸಾಲದು. ಸೋಪು ತಿಂಗಳಿಗೆ ತಲೆಗೆ 250 ಗ್ರಾಂ ಸ್ನಾನಕ್ಕೆ, 200 ಗ್ರಾಂ ಬಟ್ಟೆಗೆ. ಅಂದರೆ ಐದು ಜನಕ್ಕೆ 125 ಗ್ರಾಮಿನ ಹತ್ತು ಸ್ನಾನದ ಸೋಪು, ಒಂದು ಕಿಲೋ ಬಟ್ಟೆ ಸೋಪು. ಮುಟ್ಟಾಗುವ ಪ್ರತಿ ಹೆಣ್ಣುಮಗಳಿಗೆ ತಿಂಗಳಿಗೆ 15 ಪ್ಯಾಡ್, ಜೊತೆಗೆ ಹೊಸ ಒಳಉಡುಪು. ಇದನ್ನು ಕೇಳಲು ಅವರಿಗೂ ಸಂಕೋಚ, ಕೊಡಲು ನಮ್ಮವರಿಗೂ ಸಂಕೋಚ. ಅದಕ್ಕೇ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ.

ನೀರಿನ ಕ್ಯಾನಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮನೆಗೆ 10ರಿಂದ 20 ಲೀಟರಿನ ಎರಡು ಕ್ಯಾನ್ ಬೇಕು, ಒಂದು ತರಲು, ಇನ್ನೊಂದು ತುಂಬಿಡಲು. ಅಗ್ಗಕ್ಕೆ ಸಿಗುತ್ತದೆಂದು ಬಕೆಟ್ ಕೊಟ್ಟರೆ ಮಕ್ಕಳು ಲೋಟದ ಜೊತೆ ಕೈಯನ್ನೂ ಅದ್ದುತ್ತಾರೆ. ನಲ್ಲಿಯಲ್ಲಿ ಶುದ್ಧವಾಗಿ ಬಂದ ನೀರು ಕೋಣೆಯೊಳಗೆ ಕೆಡುವುದು ಹೀಗೆ, ಭೇದಿ ಶುರುವಾಗುವುದೂ ಇಲ್ಲಿಂದಲೇ. ಕೈ ಹೋಗದಷ್ಟು ಸಣ್ಣ ಬಾಯಿ, ತಿರುಪಿನ ಮುಚ್ಚಳ, ಸಾಧ್ಯವಾದರೆ ಕೆಳಗೊಂದು ನಲ್ಲಿ ಇರುವುದನ್ನೇ ಆರಿಸಿ.

ಹಾಲಿನ ಪುಡಿ, ಬಾಟಲಿ ಬೇಡವೇ ಬೇಡ. ಬಾಟಲಿ ಕುದಿಸಲು ಸೌದೆಯಿಲ್ಲದ ಕಡೆ ಅದು ಕೂಸಿಗೆ ಭೇದಿ ತರುತ್ತದೆ, ತಾಯಿಯ ಹಾಲೂ ಕಡಿಮೆಯಾಗುತ್ತದೆ. ತಾಯಿಯಿಲ್ಲದ ಕೂಸುಗಳಿಗೆ ಏನು ಕೊಡಬೇಕೆಂದು ಅಲ್ಲಿನ ಆರೋಗ್ಯ ಸಿಬ್ಬಂದಿ ನೋಡಿಕೊಳ್ಳಲಿ. ಅರ್ಧ ಬಳಸಿದ ಮಾತ್ರೆಗಳನ್ನೂ ಕಳಿಸಬೇಡಿ.

ಲಾರಿ ಬುಕ್ ಮಾಡುವ ಮುಂಚೆ ಸಾಮಾನು ಯಾರಿಗೆ ಎಂದು ತೀರ್ಮಾನಿಸಿ. ಮೈತೇಯಿಗಳಿರುವ ಇಂಫಾಲ ಕಣಿವೆಗೆ ಇಳಿಸಿದ್ದು ಕುಕಿ-ಜೋಗಳಿರುವ ಚುರಾಚಾಂದ್‌ಪುರಕ್ಕೆ ತಾನಾಗಿ ಹೋಗುವುದಿಲ್ಲ; ಎರಡರ ನಡುವೆ ಭದ್ರತಾ ಪಡೆಗಳ ಕಾವಲಿದೆ, ಒಂದು ಕಡೆಯ ಚಾಲಕ ಇನ್ನೊಂದು ಕಡೆಗೆ ಹೋಗಲಾರ. ಎರಡೂ ಕಡೆ ಕೊಡುವುದಾದರೆ ಶುರುವಿನಲ್ಲೇ ಎರಡು ಲೋಡು ಮಾಡಿ: ಕಣಿವೆಯದು ಇಂಫಾಲಕ್ಕೆ, ಚುರಾಚಾಂದ್‌ಪುರದ್ದು ಮಿಜೋರಾಂ ಕಡೆಯಿಂದ. ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಮೂರಕ್ಕೂ ಹೊರಗಿನವರಿಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ರಾಜ್ಯದೊಳಗೆ ಹೋಗುವ ಅನುಮತಿ ಪತ್ರ, ಬೇಕು. ನಮ್ಮ ಹುಡುಗರನ್ನು ಲಾರಿ ಜೊತೆ ಕಳಿಸುವುದಕ್ಕಿಂತ ಗುವಾಹಟಿಯಲ್ಲಿ ಅಲ್ಲಿನ ಸಾಗಣೆದಾರರಿಗೆ ಒಪ್ಪಿಸುವುದು ಮೇಲು.

ಸಾಮಾನಿನ ಬೆಲೆ 50,000 ರೂಪಾಯಿ ದಾಟಿದರೆ, ದಾನದ ಸಾಮಾನಾದರೂ ಡೆಲಿವರಿ ಚಲನ್ (ಸಾಮಾನಿನ ವಿವರದ ಚೀಟಿ) ಮತ್ತು ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಪತ್ರ) ಮಾಡಿಸಿಕೊಳ್ಳಿ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ, ಈ ದೂರಕ್ಕೆ ಹದಿನಾರು-ಹದಿನೇಳು ದಿನ. ನಾಗಾಲ್ಯಾಂಡಿನ ಕೊಹಿಮಾದಿಂದ ಇಂಫಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 2ರಲ್ಲಿ ತಡೆ ಬಿದ್ದರೆ ಅದು ದಾರಿಯಲ್ಲೇ ಮುಗಿದುಹೋಗುತ್ತದೆ. ಮುಗಿಯುವುದಕ್ಕೆ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ 8 ಗಂಟೆಯೊಳಗೆ ಸಾಗಣೆದಾರರು ಅವಧಿ ವಿಸ್ತರಿಸಬಹುದು. ಈ ಕೆಲಸ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಪ್ರತಿ ಚೀಲ 20 ಕಿಲೋ ಮೀರದಿರಲಿ, ವಯಸ್ಸಾದವರೂ ಹೊತ್ತೊಯ್ಯಬೇಕು. ಹೊರಗೆ ಎರಡು ಬದಿಗೂ ಸಂಖ್ಯೆ, ಒಳಗೆ ಪಟ್ಟಿ. ಶಿಬಿರದಲ್ಲಿ 80 ಕುಟುಂಬವಿದ್ದು 60 ಕಿಟ್ ಮಾತ್ರ ತಲುಪಿದ್ದರೆ ಹಂಚಲು ಕೂರಬೇಡಿ. ಉಳಿದ 20 ಬರುವವರೆಗೆ ಕಾಯಿರಿ, ಇಲ್ಲವೇ 60 ಮನೆಯ ಇನ್ನೊಂದು ಶಿಬಿರಕ್ಕೆ ಪೂರ್ತಿ ಕೊಡಿ. ಮನೆ ಕಳೆದುಕೊಂಡವರ ನಡುವೆ ಒಂದು ಕಂಬಳಿಗಾಗಿ ಜಗಳ ಹುಟ್ಟಿಸುವ ಹಕ್ಕು ನಮಗಿಲ್ಲ. ದಾನಿಗಳಿಗೆ ತೋರಿಸಲು ಸಹಿ ಇರುವ ಪಟ್ಟಿ ಸಾಕು, ತಗೊಂಡವರ ಮುಖದ ಫೋಟೊ ಬೇಡ.