ಶಿವಮೊಗ್ಗದಿಂದ ಸಾಗರಕ್ಕೆ ಒಳದಾರಿಯಲ್ಲಿ ಸೈಕಲ್: ಹೊರಡುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಈ ಮೂರೂ ಊರು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, 570ರಿಂದ 600 ಮೀಟರ್. ಇದನ್ನು ನೋಡಿ 'ಘಾಟಿ ಇಲ್ಲ, ಆರಾಮಾಗಿ ಹೋಗಬಹುದು' ಅಂದುಕೊಂಡವರ ತೊಡೆ ಸಂಜೆಗೆ ನಡುಗುತ್ತದೆ. ಮಲೆನಾಡಿನ ಒಳರಸ್ತೆಗಳ ಸ್ವಭಾವವೇ ಹಾಗೆ. ಇಳಿದರೆ ಹಳ್ಳ, ಹಳ್ಳದ ಪಕ್ಕ ಗದ್ದೆ, ಅಡಿಕೆ ತೋಟ, ಒಂದು ಮೋರಿ. ಮೋರಿ ದಾಟಿದ ಕೂಡಲೇ ಏರು. ಏರಿನ ತಲೆಯಲ್ಲಿ ಕಾನು (ದಟ್ಟ ಕಾಡು), ನಾಲ್ಕು ಮನೆ, ಒಂದು ಬಸ್ ಸ್ಟಾಪ್. ಮತ್ತೆ ಇಳಿಜಾರು. ಒಂದೊಂದು ಏರು ತುಂಬಾ ಉದ್ದ ಏನಲ್ಲ. ಆದರೆ ಮುಗಿಯುವುದೇ ಇಲ್ಲ. ಆಗುಂಬೆ ಘಾಟಿಯಲ್ಲಾದರೆ ಒಂದೇ ಹದದಲ್ಲಿ ತುಳಿಯುತ್ತಾ 14 ತಿರುವು ಹತ್ತಿಬಿಡಬಹುದು. ಇಲ್ಲಿ ಆ ಹದ ಸಿಗುವಷ್ಟರಲ್ಲಿ ಇಳಿಜಾರು ಬಂದಿರುತ್ತದೆ.

ಹಾಗಾಗಿ ಗೇರ್ ಬಗ್ಗೆ ಒಂದು ಮಾತು. ಹಿಂದಿನ ಕ್ಯಾಸೆಟ್‌ನ, ಅಂದರೆ ಹಿಂಚಕ್ರದ ಗೇರ್ ಗೊಂಚಲಿನ, ದೊಡ್ಡ ಹಲ್ಲುಚಕ್ರಕ್ಕೆ ಕನಿಷ್ಠ 32 ಹಲ್ಲು ಇರಲಿ. ರೇಸ್ ಸೈಕಲ್‌ನ 23 ಎಂಎಂ ಟೈರ್ ಬೇಡವೇ ಬೇಡ. 28 ಇದ್ದರೆ ಸಾಕು, 32 ಇದ್ದರೆ ಬೆನ್ನಿಗೆ ಒಳ್ಳೆಯದು. ಟಾರ್ ಚೆನ್ನಾಗಿರುವ ಕಡೆ ತುಂಬಾ ಚೆನ್ನಾಗಿದೆ. ಆದರೆ ತೇಪೆ ಹಾಕಿದ ಕಡೆ ಜಲ್ಲಿ ಎದ್ದು ಕೂತಿರುತ್ತದೆ. ಶಾಲೆ ಬಂತು ಅಂದರೆ ಹಂಪ್ ಬಂತು ಅಂತಲೇ ಲೆಕ್ಕ. ಬಿಳಿ ಬಣ್ಣ ಬಳಿದಿರುತ್ತಾರೆ ಅಂತ ನಂಬಬೇಡಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲೇ ತುಂಗೆ. ಕೇಳೋಕೆ ಚೆಂದ. ಆದರೆ ಇದು ಮಂಗಳೂರಿಗೆ ಹೋಗುವ ಹೆದ್ದಾರಿ. ಲಾರಿಗಳು ಪರವಾಗಿಲ್ಲ, ಅವು ಏರಿನಲ್ಲಿ ನಮ್ಮಷ್ಟೇ ಕಷ್ಟ ಪಡುತ್ತವೆ. ಹೆದರಬೇಕಾದದ್ದು ಬಸ್ಸುಗಳಿಗೆ. ಮುಂದಿನ ಸ್ಟಾಪಿನ ಪ್ಯಾಸೆಂಜರ್ ಇನ್ನೊಂದು ಬಸ್ಸಿಗೆ ಸಿಕ್ಕಿಬಿಡುತ್ತಾರೆ ಅನ್ನುವ ಅವಸರದಲ್ಲಿ ಬರುತ್ತವೆ. ಒಂದು ಬಸ್ಸು ನನ್ನ ಹಿಂದೆ ಬಂದು, ಹಾರ್ನ್ ಒತ್ತಿ ಹಿಡಿದು, ಟಾರ್‌ನಿಂದ ಕೆಳಗಿಳಿಸಿಯೇ ಬಿಟ್ಟಿತು. ಅಲ್ಲಿ ಟಾರ್ ಅಂಚಿಗೂ ಮಣ್ಣಿಗೂ ಒಂದು ಗೇಣು ವ್ಯತ್ಯಾಸ. ಬೀಳಲಿಲ್ಲ, ಆದರೆ ಮುಂದಿನ ರಿಮ್ ಸೊಟ್ಟಗಾಯಿತು. ಕಿಟಕಿಯಿಂದ ತಲೆ ಹಾಕಿದ ಕಂಡಕ್ಟರ್ 'ಮಕ್ಕಳ ಆಟ ರೋಡಲ್ಲಾ?' ಅಂತ ಕೇಳಿ ಹೋದ. ಅದೇ ಬಸ್ಸು ಮುಂದಿನ ಸ್ಟಾಪಿನಲ್ಲಿ ಆರಾಮಾಗಿ ನಿಂತಿತ್ತು, ಡ್ರೈವರ್ ಟೀ ಕುಡಿಯುತ್ತಿದ್ದ!

ಅದಕ್ಕೇ ಹೇಳುವುದು, ಬೆಳಕು ಹರಿಯುತ್ತಿದ್ದಂತೆ ಹೊರಡಿ, ಬಸ್ಸುಗಳು ಜಾಸ್ತಿಯಾಗುವ ಮುಂಚೆ ಮಂಡಗದ್ದೆ ದಾಟಿಬಿಡಿ. ಕತ್ತಲಲ್ಲಿ ಬೇಡ, ಆ ದಾರಿ ಶೆಟ್ಟಿಹಳ್ಳಿ ಅಭಯಾರಣ್ಯದ ಸೀಮೆ. ಇಲ್ಲವೇ ತೀರ್ಥಹಳ್ಳಿವರೆಗೆ ಸೈಕಲ್ಲನ್ನು ಬಸ್ಸಿಗೇ ಹಾಕಿ, ಅಲ್ಲಿಂದ ಶುರು ಮಾಡಿ. ಏನೂ ಕಳೆದುಕೊಳ್ಳುವುದಿಲ್ಲ. ಸಕ್ರೆಬೈಲಿನ ಆನೆ ಸ್ನಾನ ನೋಡಬೇಕಾದರೆ ಇನ್ನೊಮ್ಮೆ ಮನೆಯವರ ಜೊತೆ ಬನ್ನಿ. ಬೆವರಿನ ಬಟ್ಟೆಯಲ್ಲಿ ಆ ಜನಜಂಗುಳಿಯಲ್ಲಿ ನಿಲ್ಲುವುದು ನನ್ನಿಂದಾಗದು.

ನಿಜವಾದ ಸೈಕಲ್ ದಾರಿ ತೀರ್ಥಹಳ್ಳಿ ಬಿಟ್ಟ ಮೇಲೆ. ಕೋಣಂದೂರು, ಹುಂಚ, ರಿಪ್ಪನ್‌ಪೇಟೆ, ಆಮೇಲೆ ಆನಂದಪುರ. ವಾಹನ ಕಡಿಮೆ. ನವೆಂಬರ್, ಡಿಸೆಂಬರಿನಲ್ಲಿ ಹೋದರೆ ಅಡಿಕೆ ಕೊಯ್ಲಿನ ಕಾಲ. ಮನೆಮನೆಯ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ, ಹಂಡೆಯಲ್ಲಿ ಅಡಿಕೆ ಬೇಯಿಸಿದ ಚೊಗರಿನ ವಾಸನೆ ರಸ್ತೆವರೆಗೂ ಬರುತ್ತದೆ. ಆದರೆ ಸುಲಿದ ಸಿಪ್ಪೆಯನ್ನು ತಂದು ಸುರಿಯುವುದು ರಸ್ತೆ ಪಕ್ಕದಲ್ಲೇ. ಇಬ್ಬನಿಗೆ ನೆನೆದ ಸಿಪ್ಪೆಯ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಮುಗಿಯಿತು. ಮಳೆಗಾಲದಲ್ಲಿ ಈ ದಾರಿಗೆ ಬರಲೇಬೇಡಿ. ಮರದ ನೆರಳಿನ ಕಡೆ ಟಾರಿನ ಮೇಲೆ ಪಾಚಿ ಕಟ್ಟುತ್ತದೆ. ಎಲ್ಲಾದರೂ ನಿಂತರೆ ಕಾಲಿಗೆ ಉಂಬಳ, ಅಂದರೆ ಜಿಗಣೆ.

ಸ್ಥಳೀಯರನ್ನು ದೂರ ಕೇಳಿದರೆ 'ಇಲ್ಲೇ, ಒಂದು ಏರು ಅಷ್ಟೆ' ಅನ್ನುತ್ತಾರೆ. ಪಾಪ, ಅವರು ಹೇಳುವುದು ಬೈಕಿನ ಲೆಕ್ಕ. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಕಾನಿನ ಒಳಗೆ ಹೋದಂತೆ ನೆಟ್‌ವರ್ಕ್ ಹೋಗುತ್ತದೆ.

ಈ ದಾರಿಯಲ್ಲಿ ಒಂದು ಹೋಟೆಲ್ ಇದೆ. ಹೋಟೆಲ್ ಅಂದರೆ ಹಂಚಿನ ಮಾಡು, ಮೂರು ಬೆಂಚು, ಬೋರ್ಡೂ ಇಲ್ಲ. ಕೋಣಂದೂರು ದಾಟಿ ಹುಂಚದ ಕಡೆ ಹೋಗುವಾಗ ಬಲಗಡೆ, ಹಾಲಿನ ಡೈರಿಯ ಎದುರು. ಗಂಡ ಟೀ ಸೋಸುತ್ತಾರೆ, ಹೆಂಡತಿ ಒಳಗೆ ಒಲೆ ಮುಂದೆ. ಬೆಳಿಗ್ಗೆ ಕಡುಬು ಮಾತ್ರ. ಬಿಸಿ ಕಡುಬಿನ ನಡುವೆ ಬೆರಳಿನಿಂದ ಗುಂಡಿ ಮಾಡಿ, ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಮೇಲೆ ಕಾಯಿ ಚಟ್ನಿ. ಚಟ್ನಿಗೆ ಸೂಜಿಮೆಣಸು ಹಾಕಿದ್ದರು, ಕಣ್ಣಲ್ಲಿ ನೀರು ಬಂತು, ಆದರೂ ಕೈ ನಿಲ್ಲಲಿಲ್ಲ. ನಾನು ಎರಡಕ್ಕೆ ಸಾಕು ಅಂದೆ. ಆಕೆ ಬಾಗಿಲಿಗೆ ಬಂದು ಸೈಕಲ್ ನೋಡಿ, 'ಗಾಡಿಗೆ ಪೆಟ್ರೋಲ್ ಬೇಡ ಸರಿ, ಹೊಟ್ಟೆಗೂ ಬೇಡ್ವಾ ಮಾರಾಯ್ರೆ?' ಅಂತ ಇನ್ನೆರಡು ತಟ್ಟೆಗೆ ಹಾಕಿಬಿಟ್ಟರು. ಜೊತೆಗೆ ಒಂದು ಲೋಟ ಮಜ್ಜಿಗೆ, ಅದರಲ್ಲೊಂದು ಅಪ್ಪೆಮಿಡಿ ಉಪ್ಪಿನಕಾಯಿ. ಬಾಟಲಿಗೆ ಕುಡಿಯುವ ನೀರು ಕೇಳಿದರೆ ಕಾಯಿಸಿ ಆರಿಸಿದ್ದನ್ನೇ ತುಂಬಿಸಿದರು. ಎಲ್ಲ ಸೇರಿ 60 ರೂಪಾಯಿ. ಮಜ್ಜಿಗೆಗೆ ದುಡ್ಡೇ ತಗೊಳ್ಳಲಿಲ್ಲ. ಒಂಬತ್ತೂವರೆ ಆಯಿತು ಅಂದರೆ ಕಡುಬು ಖಾಲಿ, ಆಮೇಲೆ ಟೀ, ಬಿಸ್ಕತ್ತು ಅಷ್ಟೆ. ಅದಕ್ಕೂ ಮುಂಚೆ ಅಲ್ಲಿ ಇರುವ ಹಾಗೆ ನಿಮ್ಮ ಲೆಕ್ಕ ಹಾಕಿಕೊಳ್ಳಿ. ಈ ಇಡೀ ದಾರಿಗೆ ಬೇರೆ ಪ್ಲಾನಿಂಗ್ ಏನೂ ಬೇಡ.

ಇದರ ಮುಂದೆ ಹೋಂಸ್ಟೇ ಕಥೆ ಕೇಳಿ. ಸಾಗರದ ಹತ್ತಿರ, ಶರಾವತಿ ಹಿನ್ನೀರು ಕಾಣುವ ರೂಮು, ತಲೆಗೆ 1800 ರೂಪಾಯಿ, 'ಎಲ್ಲ ಸೇರಿ' ಅಂತ ಫೋನಿನಲ್ಲಿ ಹೇಳಿದ್ದರು. ಹೋದ ಮೇಲೆ ರಾತ್ರಿ ಊಟಕ್ಕೆ ಬೇರೆ, ಬಿಸಿನೀರಿಗೆ ಬೇರೆ. ಒಬ್ಬನೇ ಬಂದಿದ್ದೀರಿ ಅಂತ ಅದಕ್ಕೂ 600 ಜಾಸ್ತಿ. ಕಿಟಕಿಯಿಂದ ಕಂಡಿದ್ದು ಜನರೇಟರ್ ಶೆಡ್. ಕೇಳಿದರೆ ಅದರ ಆಚೆ ಹಿನ್ನೀರು ಇದೆಯಂತೆ. ಸೈಕಲ್ ಒಳಗಿಡಲು ಬಿಡಲಿಲ್ಲ, ನೆಲ ಕೊಳೆಯಾಗುತ್ತದೆ ಎಂದರು. ಪಕ್ಕದ ರೂಮಿನವರು ಕಾರಿನ ಸ್ಪೀಕರ್ ಹಾಕಿಕೊಂಡು ನಡುರಾತ್ರಿವರೆಗೂ ಕುಣಿದರು. ಬೆಳಿಗ್ಗೆ ಬಿಲ್ಲಿನಲ್ಲಿ ಕ್ಯಾಂಪ್ ಫೈರ್ ದುಡ್ಡೂ ಇತ್ತು, ನಾನು ಅದರ ಹತ್ತಿರ ಸುಳಿದೂ ಇರಲಿಲ್ಲ! ವಾದ ಮಾಡಿ ಅದೊಂದನ್ನು ತೆಗೆಸಿದೆ.

ಸಾಗರ ಪೇಟೆಯಲ್ಲೇ ಸಾಧಾರಣ ಲಾಡ್ಜ್‌ಗಳಿವೆ. ಕೇಳಿಕೊಂಡರೆ ಸೈಕಲ್ಲನ್ನು ರೂಮಿನೊಳಗೆ ಬಿಡುತ್ತಾರೆ, ಮೆಟ್ಟಿಲು ಹೊರಬೇಕು ಅಷ್ಟೆ. ಅಲ್ಲಿ ಉಳಿದು, ಖಾಲಿ ಸೈಕಲ್‌ನಲ್ಲಿ ಬೆಳಿಗ್ಗೆ 6 ಕಿಲೋಮೀಟರ್ ದೂರದ ಇಕ್ಕೇರಿಗೆ ಹೋಗಿ ಬನ್ನಿ. ಬೇಗ ಹೋದರೆ ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿ ನೀವೊಬ್ಬರೇ. ಜೋಗಕ್ಕೆ ಶನಿವಾರ, ಭಾನುವಾರ ಬೇಡ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಸಿಗಂದೂರಿಗೆ ಲಾಂಚ್ ಕಾಯಬೇಕಾಗಿಲ್ಲ, ಸೈಕಲ್‌ನಲ್ಲೇ ಹಿನ್ನೀರು ದಾಟಬಹುದು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ನೆರಳಿಲ್ಲ, ಅಡ್ಡಗಾಳಿ ಇದೆ, ರಜೆ ದಿನ ಸೆಲ್ಫಿಯವರು ನಡುರಸ್ತೆಯಲ್ಲೇ ನಿಂತಿರುತ್ತಾರೆ.

ಪಂಕ್ಚರ್ ಅಂಗಡಿ ಹೆಚ್ಚುಕಡಿಮೆ ಎಲ್ಲ ಪೇಟೆಯಲ್ಲೂ ಇದೆ, ಆದರೆ ಬೈಕಿನದ್ದು. ನಿಮ್ಮ ಟ್ಯೂಬಿನದು ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಅವರ ಗಾಳಿ ಪೈಪ್ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಲ್ಲಿರಲಿ. ರೋಡ್ ಸೈಕಲ್ ಚಕ್ರದ 700 ಅಳತೆಯ ಟ್ಯೂಬ್ ಈ ಕಡೆ ಸಿಗುವುದು ಕಷ್ಟ, ಎರಡು ಇಟ್ಟುಕೊಳ್ಳಿ.

ವಾಪಸ್ ಬರಲು ತಾಳಗುಪ್ಪದ ರೈಲು ಇದೆ, ಆದರೆ ಸೈಕಲ್ ಬುಕ್ ಮಾಡುವುದನ್ನು ಹಿಂದಿನ ದಿನವೇ ಸ್ಟೇಷನ್ನಿನಲ್ಲಿ ವಿಚಾರಿಸಿ. ಬಸ್ಸಾದರೆ ಲಗೇಜ್ ಚಾರ್ಜ್ ಎಷ್ಟು ಅಂತ ಹತ್ತುವ ಮುಂಚೆ ಕೇಳಿ, ಟಿಕೆಟ್ ಇಸ್ಕೊಳ್ಳಿ. ಹಗ್ಗ ನಿಮ್ಮದೇ ಇರಲಿ, ಮೇಲೆ ಹತ್ತಿ ನೀವೇ ಕಟ್ಟಿ. ಸೈಕಲ್ ಮಲಗಿಸುವಾಗ ಗೇರ್ ಇರುವ ಬದಿ ಮೇಲಕ್ಕೆ ಬರಬೇಕು, ಮತ್ತು ಅದರ ಮೇಲೆ ಯಾರ ಅಕ್ಕಿ ಮೂಟೆಯೂ ಬೀಳದ ಹಾಗೆ ನೋಡಿಕೊಳ್ಳಿ.