ಲಕ್ಸರ್‌ನ ಪಶ್ಚಿಮ ದಂಡೆ: ಬಸ್ಸು ಬಿಡಿ, ದೋಣಿ ಹತ್ತಿ

ಈಜಿಪ್ಟಿನ ಲಕ್ಸರ್‌ನಲ್ಲಿ ಹೋಟೆಲಿನವರು, ಟ್ಯಾಕ್ಸಿಯವರು, ರೈಲು ನಿಲ್ದಾಣದ ಬಾಗಿಲಲ್ಲಿ ಕಾದು ನಿಂತವರು, ಎಲ್ಲರೂ ಪ್ರವಾಸಿಗರಿಗೆ ಮಾರುವುದು ಒಂದನ್ನೇ: ನೈಲ್ ನದಿಯ ಪಶ್ಚಿಮ ದಂಡೆಯ ಒಂದು ದಿನದ ಬಸ್ ಪ್ರವಾಸ. ಪ್ರಾಚೀನ ಈಜಿಪ್ಟಿನವರು ಹೇಗೆ ಬದುಕಿದರು, ಏನು ತಿಂದರು, ಯಾವುದಕ್ಕಾಗಿ ಜಗಳವಾಡಿದರು ಎಂಬ ಕುತೂಹಲದಿಂದ ಅಲ್ಲಿಗೆ ಹೋಗುವವರು ಈ ಪ್ರವಾಸವನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನೂ ನನ್ನ ಅಕ್ಕನೂ ಹತ್ತಿದ ಬಸ್ಸು ನಸುಕಿನಲ್ಲೇ ಹೊರಟಿತಾದರೂ, ಪೂರ್ವ ದಂಡೆಯ ಹೋಟೆಲುಗಳನ್ನೆಲ್ಲ ಸುತ್ತಿ, ಸೀಟು ತುಂಬುವವರೆಗೆ ಕಾದು, ಊರಿನಿಂದ ದಕ್ಷಿಣಕ್ಕೆ ದೂರದಲ್ಲಿರುವ ಸೇತುವೆಯನ್ನು ದಾಟಿ ಆಚೆ ದಂಡೆಗೆ ಬರುವ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿತ್ತು. ಎಸಿ ಇದೆ ಎಂದು ಹೇಳಿ ಹಣ ಪಡೆದಿದ್ದರು. ಅದರ ಕಿಂಡಿಯಿಂದ ಧೂಳು ಮಾತ್ರ ಬರುತ್ತಿತ್ತು. ಮೊದಲ ನಿಲುಗಡೆ ಪ್ರಾಚೀನ ದೊರೆಗಳ ಗೋರಿಗಳಿರುವ ರಾಜರ ಕಣಿವೆಯಲ್ಲ, ಅಲಬಾಸ್ಟರ್ ಕಲ್ಲಿನ ಕಾರ್ಖಾನೆ ಎಂಬ ಹೆಸರಿನ ಅಂಗಡಿ. ಬಾಗಿಲಲ್ಲಿ ಕುಳಿತ ಇಬ್ಬರು ನಾವು ಬಂದೊಡನೆ ಕಲ್ಲು ಉಜ್ಜಲು ಆರಂಭಿಸಿ, ನಾವು ಒಳಹೊಕ್ಕ ಕೂಡಲೇ ಕೈ ಬಿಟ್ಟರು. ಕಣಿವೆಯಲ್ಲಿ ಅವಸರದ ಮೂರು ಗೋರಿಗಳನ್ನು ನೋಡಿದ ಮೇಲೆ ಜೊಂಡಿನ ದಂಟಿನಿಂದ ಮಾಡುವ ಕಾಗದವಾದ ಪಪೈರಸ್‌ನ ಅಂಗಡಿ, ಆಮೇಲೆ ಗೈಡ್‌ಗೆ ಕಮಿಷನ್ ಸಿಗುವ ಊಟದ ಮನೆ. ಅಂಗಡಿಗಳಲ್ಲಿ ಕಳೆದ ಹೊತ್ತು ಗೋರಿಗಳಲ್ಲಿ ಕಳೆದದ್ದಕ್ಕಿಂತ ಹೆಚ್ಚಾಗಿತ್ತು. ಪಪೈರಸ್ ಕೊಳ್ಳಲೇಬೇಕೆನ್ನುವವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಬೇಕು: ಅಸಲಿ ಹಾಳೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿದ ದಂಟಿನ ಸೀಳುಗಳು ಹೆಣೆದಂತೆ ಕಾಣುತ್ತವೆ, ಬಾಳೆ ಎಲೆಯಿಂದ ಮಾಡಿದ ನಕಲಿಯಲ್ಲಿ ಹಾಗೆ ಕಾಣುವುದಿಲ್ಲ.

ಮರುದಿನ ನಾವು ಮಾಡಿದಂತೆ ನೀವು ಮೊದಲ ದಿನವೇ ಮಾಡಿ. ಲಕ್ಸರ್ ದೇವಾಲಯದ ಎದುರಿನ ನದೀತೀರದಿಂದ ಊರಿನವರು ಓಡಾಡುವ ಸಾರ್ವಜನಿಕ ದೋಣಿ ಹೊರಡುತ್ತದೆ. ಖಾಸಗಿ ದೋಣಿಯವರು ‘ಅದು ಇಂದು ಇಲ್ಲ’ ಎಂದು ಅಡ್ಡ ಬರುತ್ತಾರೆ. ಕಿವಿಗೊಡದೆ ಮುಂದೆ ನಡೆದರೆ, ಬಸ್ಸು ಗಂಟೆಗಟ್ಟಲೆ ಸುತ್ತಿದ ದಾರಿಯನ್ನು ಕೆಲವೇ ನಿಮಿಷಗಳಲ್ಲಿ ಅತಿ ಕಡಿಮೆ ದರದಲ್ಲಿ ದಾಟಬಹುದು. ಆಚೆ ಇಳಿದೊಡನೆ ಟ್ಯಾಕ್ಸಿ ಹಿಡಿಯುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳಬೇಕು.

ದೋಣಿಕಟ್ಟೆಯಿಂದ ಮೇಲೇರುವ ರಸ್ತೆಯಲ್ಲಿ ಹೆಸರಿನ ಹಲಗೆಯೂ ಇಲ್ಲದ ಒಂದು ಅಂಗಡಿಯಲ್ಲಿ ತಿಂದ ಬೆಳಗಿನ ತಿಂಡಿಯನ್ನು ಇಡೀ ಈಜಿಪ್ಟ್ ಪ್ರವಾಸದ ಅತ್ಯುತ್ತಮ ಊಟವೆಂದೇ ಹೇಳುತ್ತೇನೆ. ಕೊರಳು ಕಿರಿದಾದ ದೊಡ್ಡ ಲೋಹದ ಪಾತ್ರೆಯಲ್ಲಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಫೂಲ್ ಎಂಬ ಫಾವಾ ಕಾಳನ್ನು ಉದ್ದ ಹಿಡಿಯ ಸೌಟಿನಿಂದ ಎತ್ತಿ, ಬಟ್ಟಲಿನಲ್ಲೇ ಮಸೆದು, ಎಣ್ಣೆ, ಜೀರಿಗೆ ಪುಡಿ, ನಿಂಬೆರಸ ಹಾಕಿ ಕೊಡುತ್ತಾರೆ. ಅದೇ ಕಾಳನ್ನು ನೆನೆಸಿ, ಸೊಪ್ಪಿನೊಡನೆ ರುಬ್ಬಿ, ಎಳ್ಳು ಉದುರಿಸಿ ಎಣ್ಣೆಗೆ ಬಿಟ್ಟ ತಾಮಿಯಾ ಹೊರಗೆ ನಮ್ಮ ಮಸಾಲೆ ವಡೆಯಂತೆ ಗರಿಗರಿಯಾಗಿ, ಒಳಗೆ ಹಸಿರಾಗಿ ಮೆತ್ತಗಿರುತ್ತದೆ. ಜೊತೆಗೆ ಉಪ್ಪಿನಕಾಯಿ ಹಾಕಿದ ಮೂಲಂಗಿ ಮತ್ತು ತವುಡು ಅಂಟಿದ ಬಿಸಿ ರೊಟ್ಟಿ. ರೊಟ್ಟಿ ಮುಗಿದರೆ ಕೇಳದೆಯೇ ಇನ್ನೊಂದು ಬರುತ್ತಿತ್ತು. ಮಾಂಸ ಮುಟ್ಟದ ಅಕ್ಕ ಅಲ್ಲಿ ನೆಮ್ಮದಿಯಿಂದ ಉಂಡಳು. ಸಸ್ಯಾಹಾರಿಗಳು ‘ಸಿಯಾಮಿ’ ಎಂದು ಕೇಳುವುದು ಒಳ್ಳೆಯದು. ಅದು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವ್ರತದಲ್ಲಿ ತಿನ್ನುವ, ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ. ಕೆಲವು ವ್ರತಗಳಲ್ಲಿ ಮೀನಿಗೆ ಅವಕಾಶವಿರುವುದರಿಂದ ಅದನ್ನೊಂದು ವಿಚಾರಿಸಿಕೊಳ್ಳಬೇಕು.

ಹೊಟ್ಟೆಯ ವಿಷಯವನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಪಶ್ಚಿಮ ದಂಡೆಯಲ್ಲಿ ನೀವು ಮೊದಲು ನೋಡಬೇಕಾದ ದೇರ್ ಎಲ್-ಮದೀನಾ, ರಾಜರ ಕಣಿವೆಯ ಗೋರಿಗಳನ್ನು ಕೊರೆದು ಬಣ್ಣ ಬಳಿದ ಕುಶಲಕರ್ಮಿಗಳ ಊರು. ಆ ಊರಿನ ಇತಿಹಾಸದ ಬಹುಭಾಗ ದವಸದ ಲೆಕ್ಕದಲ್ಲೇ ಇದೆ. ಅಲ್ಲಿ ಬಾವಿಯಿರಲಿಲ್ಲ, ಹೊಲವಿರಲಿಲ್ಲ. ನೀರು ಕತ್ತೆಗಳ ಮೇಲೆ ಬರುತ್ತಿತ್ತು, ಸಂಬಳ ಧಾನ್ಯವಾಗಿ ಬರುತ್ತಿತ್ತು. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಎಮ್ಮರ್ ಗೋಧಿ, ಅಂದರೆ ಉತ್ತರ ಕರ್ನಾಟಕದವರು ಸದಕವೆನ್ನುವ ಜಾತಿಯದು, ರೊಟ್ಟಿಗಾಗಿ. ಒಂದೂವರೆ ಖಾರ್ ಬಾರ್ಲಿ, ಬಿಯರಿಗಾಗಿ. ಒಂದು ಖಾರ್ ಎಂದರೆ ಸುಮಾರು 76 ಲೀಟರು.

ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ಕ್ರಿ.ಪೂ. 12ನೇ ಶತಮಾನದ ಮಧ್ಯಭಾಗದಲ್ಲಿ, ಈ ದವಸ ನಿಂತುಹೋದಾಗ ಕೆಲಸಗಾರರು ಉಳಿ ಕೆಳಗಿಟ್ಟು, ಕಾವಲು ಗೋಡೆಗಳನ್ನು ದಾಟಿ, ಮೂರನೆಯ ಥುಟ್ಮೋಸ್‌ನ ದೇವಾಲಯದ ಹಿಂದೆ ಹೋಗಿ ಕುಳಿತರು. ಮುಂದೆ ಎರಡನೆಯ ರಾಮ್ಸೆಸ್‌ನ ದೇವಾಲಯಕ್ಕೂ ನುಗ್ಗಿ, ಹಸಿವಿನಿಂದ ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನು ತರಕಾರಿಗಳಿಲ್ಲ, ಇದನ್ನು ಫೇರೋಗೆ ತಿಳಿಸಿ ಎಂದು ಪಟ್ಟುಹಿಡಿದರು. ಲಿಪಿಕಾರ ಅಮೆನ್‌ನಖ್ತ್ ಇದನ್ನೆಲ್ಲ ಬರೆದಿಟ್ಟ ಪಪೈರಸ್ ಈಗ ಇಟಲಿಯ ಟ್ಯೂರಿನ್ ನಗರದಲ್ಲಿದ್ದು, ಬರಹದಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಇದನ್ನೇ ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ಊರಿನ ಉತ್ತರಕ್ಕಿರುವ ಆಳವಾದ ಹಳ್ಳದಲ್ಲಿ ಸಿಕ್ಕ ಸಾವಿರಾರು ಕಲ್ಲಿನ ಚೂರುಗಳ ಮೇಲೆ ಸಾಲದ ಲೆಕ್ಕ, ದೂರು, ಜಗಳಗಳಿವೆ. ಎರಡನೆಯ ರಾಮ್ಸೆಸ್‌ನ 40ನೇ ವರ್ಷದ ಹಾಜರಿ ಪಟ್ಟಿಯೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚೇಳು ಕಚ್ಚಿತು, ಕಣ್ಣು ಬೇನೆ, ಬಿಯರ್ ತಯಾರಿಸುತ್ತಿದ್ದ ಎಂಬ ಗೈರುಹಾಜರಿಯ ಕಾರಣಗಳು ಅದರಲ್ಲಿವೆ. ಕಚೇರಿಯಲ್ಲಿ ರಜೆ ಅರ್ಜಿಗಳಿಗೆ ಸಹಿ ಹಾಕಿದವರಿಗೆ ಇದರ ಸ್ವಾರಸ್ಯ ಇನ್ನೂ ಚೆನ್ನಾಗಿ ತಿಳಿದೀತು.

ಈಗ ಅಲ್ಲಿ ಉಳಿದಿರುವುದು ಮೊಣಕಾಲೆತ್ತರದ ಕಲ್ಲುಗೋಡೆಗಳು ಮತ್ತು ನಡುವಿನ ಇಕ್ಕಟ್ಟಾದ ಓಣಿ. ಇಷ್ಟೇಯೇ ಎನ್ನುವವರು ಪಕ್ಕದ ದಿಬ್ಬದ ಗೋರಿಗಳಿಗೆ ಇಳಿಯಬೇಕು. ಕೆಲಸಗಾರರು ತಮ್ಮ ಬಿಡುವಿನಲ್ಲಿ ತಮಗಾಗಿ ಮಾಡಿಕೊಂಡವು ಅವು. ಸೆನ್ನೆಜೆಮ್‌ನ ಗೋರಿಯಲ್ಲಿ ಅವನೂ ಹೆಂಡತಿ ಇಯ್ನೆಫೆರ್ತಿಯೂ ಬಿಳಿಯ ಉಡುಪಿನಲ್ಲಿ ಪರಲೋಕದ ಹೊಲ ಉಳುತ್ತ, ಕೊಯ್ಲು ಮಾಡುತ್ತ ನಿಂತಿದ್ದಾರೆ. ಮೇಸ್ತ್ರಿ ಇನ್ಹೆರ್ಖಾವ್‌ನ ಗೋರಿಯಲ್ಲಿ ಸೂರ್ಯದೇವನು ಬೆಕ್ಕಿನ ರೂಪದಲ್ಲಿ ಅಪೋಫಿಸ್ ಎಂಬ ಹಾವನ್ನು ಕತ್ತಿಯಿಂದ ಕೊಯ್ಯುತ್ತಿದ್ದಾನೆ. ಮೆಟ್ಟಿಲುಗಳು ಕಡಿದು, ಬಾಗಿಲುಗಳು ಗಿಡ್ಡ. ಮಂಡಿನೋವಿನ ಅಕ್ಕ ಸೆನ್ನೆಜೆಮ್‌ನದಕ್ಕೆ ಇಳಿದು, ಇನ್ನೊಂದಕ್ಕೆ ಒಲ್ಲೆನೆಂದು ಮೇಲೆಯೇ ಕುಳಿತಳು. ಬಸ್ಸುಗಳು ಹೆಚ್ಚಾಗಿ ಇಲ್ಲಿಗೆ ಬರುವುದಿಲ್ಲ; ನೂಕುನುಗ್ಗಲನ್ನು ಸಹಿಸದ ನನ್ನಂಥವರಿಗೆ ಅದೊಂದೇ ಕಾರಣ ಸಾಕು. ಕಾವಲುಗಾರರು ಮೂಲೆಗೆ ಕರೆದು ದೀಪ ತೋರಿಸಿ ಬಕ್ಷೀಸಿಗೆ ಕೈ ಚಾಚುತ್ತಾರೆ. ಚಿಲ್ಲರೆ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ, ಬೇಡವಾದರೆ ನಕ್ಕು ಮುಂದೆ ಸಾಗಿ.

ಟಿಕೆಟ್ಟನ್ನು ದೇರ್ ಎಲ್-ಮದೀನಾದ ಬಾಗಿಲಲ್ಲಿ ಹುಡುಕಬೇಡಿ. ಅದೂ ಮೆದಿನೆತ್ ಹಾಬು ದೇವಾಲಯದ ಟಿಕೆಟ್ಟೂ ಮೆಮ್ನನ್ ಎಂಬ ಎರಡು ದೈತ್ಯ ವಿಗ್ರಹಗಳ ಆಚೆಯ ಕಚೇರಿಯಲ್ಲಿ ಸಿಗುತ್ತವೆ. ಹಣದ ಬದಲು ಕಾರ್ಡ್ ಕೇಳುವುದರಿಂದ ವಿದೇಶದಲ್ಲಿ ನಡೆಯುವ ಕಾರ್ಡೊಂದು ಕೈಯಲ್ಲಿರಬೇಕು.

ಮಧ್ಯಾಹ್ನದ ನಂತರ ಮೆದಿನೆತ್ ಹಾಬುಗೆ ಹೋಗಿ. ಇದು ಆ ಮೂರನೆಯ ರಾಮ್ಸೆಸ್ ಕಟ್ಟಿಸಿದ್ದೇ. ಕೊಂದ ಶತ್ರುಗಳ ಕೈಗಳನ್ನು ರಾಶಿ ಹಾಕಿ ಲಿಪಿಕಾರರು ಎಣಿಸುವ ಚಿತ್ರಗಳತ್ತ ಎಲ್ಲರೂ ಬೆರಳು ತೋರಿಸುತ್ತಾರೆ. ನೀವು ದೇವಾಲಯದ ಹೊರಗಿನ ದಕ್ಷಿಣ ಗೋಡೆಯತ್ತಲೂ ಒಮ್ಮೆ ನಡೆಯಬೇಕು. ವರ್ಷವಿಡೀ ಯಾವ ಹಬ್ಬಕ್ಕೆ ದೇವರಿಗೆ ಎಷ್ಟು ರೊಟ್ಟಿ, ಎಷ್ಟು ಬಿಯರ್, ಎಷ್ಟು ಧಾನ್ಯ ಎಂಬ ಪಟ್ಟಿ ಅಲ್ಲಿ ಗೋಡೆಯುದ್ದಕ್ಕೂ ಕೆತ್ತಿದೆ. ಗುಡ್ಡದ ಮಗ್ಗುಲಲ್ಲಿ ಉಪವಾಸವಿದ್ದವರ ಅಹವಾಲು ಪಪೈರಸ್‌ನಲ್ಲಿ, ಅದೇ ದೊರೆಯ ಧಾರಾಳ ಇಲ್ಲಿ ಕಲ್ಲಿನಲ್ಲಿ. ನಮ್ಮ ಬಸ್ಸಿನ ಗೈಡ್ ಈ ದೇವಾಲಯವನ್ನು ಕಿಟಕಿಯಿಂದಲೂ ತೋರಿಸಿರಲಿಲ್ಲ.

ರಾಜರ ಕಣಿವೆಯನ್ನು ಇನ್ನೊಂದು ದಿನ, ಬಾಗಿಲು ತೆರೆಯುವ ಹೊತ್ತಿಗೇ ನೋಡಿ. ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿಗಳು. ಒಳಗೆ ಗೈಡ್‌ಗಳು ವಿವರಿಸುವಂತಿಲ್ಲವಾದ್ದರಿಂದ ಮುಂಚೆಯೇ ಓದಿಕೊಂಡು ಹೋಗಬೇಕು. ಪ್ರತ್ಯೇಕ ಟಿಕೆಟ್ಟಿನ ತುಟಾಂಖಾಮನ್‌ನ ಗೋರಿ ಚಿಕ್ಕದು, ಚಿತ್ರಗಳಿರುವುದು ಒಂದೇ ಕೋಣೆಯಲ್ಲಿ, ನಿಧಿ ಈಗ ಕೈರೋ ಪಕ್ಕದ ಗೀಜಾದ ಮ್ಯೂಸಿಯಂನಲ್ಲಿ. ಆ ಹಣವನ್ನು ಮೊದಲನೆಯ ಸೇಥಿಯ ಗೋರಿಗೆ ಕೊಡಿ. ಅದು ದುಬಾರಿ ಎನಿಸಿದರೆ ದೇರ್ ಎಲ್-ಮದೀನಾದಲ್ಲೇ ಬೇರೆ ಟಿಕೆಟ್ಟಿನ, ಕೆಲಸಗಾರ ಪಾಶೆದುವಿನ ಗೋರಿ ನೋಡಿ.