ನಿಜವಾದ ತೂಕ ಯಾವುದು?

12 ಫೆಬ್ರವರಿ 2025, ಬುಧವಾರ

ಸಂಜೆ ನಮ್ಮ ಸಂಶೋಧನಾ ವಿದ್ಯಾರ್ಥಿನಿ ಪಾಲಿಲ್ಯಾಕ್ಟೈಡ್ (ಲ್ಯಾಕ್ಟಿಕ್ ಘಟಕಗಳ ಉದ್ದ ಸರಪಳಿಗಳಿಂದಾದ ಪ್ಲಾಸ್ಟಿಕ್) ಸ್ಯಾಂಪಲ್ಲಿನ ಜಿಪಿಸಿ ವರದಿ, ಎಂದರೆ ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪರೀಕ್ಷೆಯ ವರದಿ, ತಂದು ತೋರಿಸಿದಳು. ಸಂಖ್ಯಾ ಸರಾಸರಿ ಅಣುತೂಕ (ಒಟ್ಟು ತೂಕವನ್ನು ಸರಪಳಿಗಳ ಸಂಖ್ಯೆಯಿಂದ ಭಾಗಿಸಿದ್ದು) 52,000 ಎಂದಿತ್ತು. "ಇದು ಪಾಲಿಸ್ಟೈರೀನ್ ಲೆಕ್ಕದ 52,000 ಅಲ್ಲವೇ?" ಎಂದು ಕೇಳಿದೆ. ಉಪಕರಣವನ್ನು ಹೊಂದಿಸುವುದು ತೂಕ ಗೊತ್ತಿರುವ ಪಾಲಿಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಮಾನಕಗಳಿಂದ. ಟಿಎಚ್‌ಎಫ್ ದ್ರಾವಕದಲ್ಲಿ ಓಡಿಸಿದ ಪಾಲಿಲ್ಯಾಕ್ಟೈಡ್‌ಗೆ ಈ ಅಂಕಿಯನ್ನು 0.58ರಿಂದ ಗುಣಿಸುವ ರೂಢಿಯಿದೆ. ಗುಣಿಸಿದರೆ ಅದು 30,000ದ ಆಸುಪಾಸಿಗೆ ಇಳಿಯುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಿಜವಾದ ತೂಕ ಯಾವುದು?" ಎಂದಳು.

ಆ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. ಜೆಲ್ ತುಂಬಿದ ಕೊಳವೆಯಾದ ಕಾಲಂ ಯಾವ ಸರಪಳಿಯನ್ನೂ ತೂಗುವುದಿಲ್ಲ. ದ್ರಾವಣದಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನಷ್ಟೇ ನೋಡುತ್ತದೆ. ಸಣ್ಣ ಸರಪಳಿಗಳು ಜೆಲ್ಲಿನ ರಂಧ್ರಗಳನ್ನು ಹೊಕ್ಕು ತಡವಾಗಿ ಬರುತ್ತವೆ, ದೊಡ್ಡವು ಒಳಹೋಗಲಾಗದೆ ಮೊದಲೇ ದಾಟುತ್ತವೆ. ಪಾಲಿಲ್ಯಾಕ್ಟೈಡ್ ಅಷ್ಟೇ ತೂಕದ ಪಾಲಿಸ್ಟೈರೀನ್‌ಗಿಂತ ಹೆಚ್ಚು ಹರಡಿಕೊಳ್ಳುವುದರಿಂದ ಬೇಗ ಹೊರಬಿದ್ದು, ಇರುವುದಕ್ಕಿಂತ ಭಾರವೆಂದು ದಾಖಲಾಗುತ್ತದೆ. ಅಣುತೂಕವನ್ನು ಸ್ವಭಾವ ಸ್ನಿಗ್ಧತೆಯಿಂದ (ಕರಗಿದ ಸರಪಳಿ ದ್ರಾವಣವನ್ನು ಎಷ್ಟು ಮಂದವಾಗಿಸುತ್ತದೆ ಎಂಬ ಅಳತೆ) ಗುಣಿಸಿ ಗುರುತಿಸಿದರೆ ಬೇರೆ ಬೇರೆ ಪಾಲಿಮರ್‌ಗಳು ಒಂದೇ ರೇಖೆಯ ಮೇಲೆ ಕೂರುತ್ತವೆ ಎಂದು 1967ರಲ್ಲೇ ಬೆನ್ವಾ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಇಷ್ಟಾದರೂ ಯಾವ ಮಾನಕದ ಲೆಕ್ಕವೆಂದು ಹೇಳದೆ ಬರೀ ಅಂಕಿ ಕೊಡುವ ಪ್ರಬಂಧಗಳು ಇಂದಿಗೂ ಬರುತ್ತಿರುವುದು ನನಗೆ ನೋವಿನ ಸಂಗತಿ.

ಆಮೇಲೆ ಇಬ್ಬರೂ ಪರದೆಯ ಮುಂದೆ ಕುಳಿತೆವು. ಯಾವಾಗ ಎಷ್ಟು ಹೊರಬಂತು ಎಂದು ತೋರಿಸುವ ರೇಖೆಯ ಬಲತುದಿ, ಎಂದರೆ ಹಗುರ ಸರಪಳಿಗಳ ಕಡೆ, ಬೇಸ್‌ಲೈನಿಗೆ (ಏನೂ ಬರದಿದ್ದಾಗಿನ ಸಮತಟ್ಟು ಗೆರೆಗೆ) ಇಳಿಯದೆ ಉದ್ದಕ್ಕೆ ಎಳೆದುಕೊಂಡಿತ್ತು. ಎಲ್ಲಿ ಗೆರೆ ಕಡಿಯಬೇಕು? ಕರ್ಸರನ್ನು ತುಸು ಬಲಕ್ಕೆ ಸರಿಸಿದರೆ ತೂಕ ಸರಾಸರಿ (ಭಾರದ ಸರಪಳಿಗಳಿಗೆ ಹೆಚ್ಚು ಬೆಲೆ ಕೊಡುವ ಸರಾಸರಿ) ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ, ಸಂಖ್ಯಾ ಸರಾಸರಿ ಮಾತ್ರ ಕುಸಿಯುತ್ತದೆ, ಅವೆರಡರ ಅನುಪಾತ ಏರುತ್ತದೆ. ಅವಳು ಕರ್ಸರನ್ನು ಹಿಂದೆ ಮುಂದೆ ಸರಿಸುತ್ತಾ ಅಂಕಿಗಳು ಬದಲಾಗುವುದನ್ನೇ ನೋಡುತ್ತಿದ್ದಳು. ಆ ಬಾಲದಲ್ಲಿರುವುದು ಸರಪಳಿಗೆ ಸೇರದೆ ಉಳಿದ ಮೂಲವಸ್ತು ಲ್ಯಾಕ್ಟೈಡೋ, ಎಸ್ಟರ್ ವಿನಿಮಯದಿಂದ (ಸರಪಳಿಯ ಕೊಂಡಿ ಕಡಿದು ಬೇರೆಡೆ ಕೂಡುವುದರಿಂದ) ಹುಟ್ಟಿದ ಸಣ್ಣ ಉಂಗುರಗಳೋ, ರೇಖೆಯೊಂದರಿಂದಲೇ ಹೇಳಲಾಗದು.

ನಾಳೆ, ಹೈಡ್ರೋಜನ್ ಪರಮಾಣುಗಳ ಸಂಕೇತ ಅಳೆಯುವ ಪ್ರೋಟಾನ್ ಎನ್‌ಎಂಆರ್‌ನಲ್ಲಿ ಸರಪಳಿಗಳ ತುದಿಗುಂಪುಗಳನ್ನು ಎಣಿಸಿ ನೋಡೋಣ ಎಂದಿದ್ದೇನೆ. ಆದರೆ 30,000 ತೂಕದ ಸರಪಳಿಯಲ್ಲಿ ಸುಮಾರು 400 ಲ್ಯಾಕ್ಟಿಕ್ ಘಟಕಗಳಿಗೆ ಅಂಥ ತುದಿ ಒಂದೇ. ಅಷ್ಟು ಸಣ್ಣ ಸಂಕೇತವನ್ನು ಅಳೆಯುವಾಗ ಅಲ್ಲಿಯೂ ಬೇಸ್‌ಲೈನ್ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಜೊತೆಗೆ ಆ ಸಣ್ಣ ಉಂಗುರಗಳಿಗಂತೂ ತುದಿಯೇ ಇಲ್ಲ, ಹಾಗಿರುವಾಗ